ಡೀಸೆಲ್ ಬಂದಾಗ ಕ್ಯಾಮೆರಾ ಕೆಳಗಿಳಿಸಬೇಡಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಿಮ್ಮ ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಕಡಲತೀರದ ಹೆರಿಟೇಜ್ ರೈಲುಗಳ, ಅಂದರೆ ಹಳೆಯ ಎಂಜಿನ್‌ಗಳನ್ನು ಉಳಿಸಿಕೊಂಡು ಓಡಿಸುವ ದಾರಿಗಳ, ಚಿತ್ರಗಳು ಎರಡು ಪುಟ ತುಂಬ ಬಂದಿದ್ದವು. ನೋಡಿ ತುಂಬಾ ಖುಷಿಯಾಯಿತು. ನಾನು ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿ ಹಲವು ವರ್ಷಗಳಾದವು. ನಿಮ್ಮ ಪತ್ರಿಕೆಯನ್ನು ಫೋನಿನಲ್ಲಿ ಓದುತ್ತೇನೆ. ಆ ಪುಟಗಳಲ್ಲಿದ್ದ ಸಾಮರ್‌ಸೆಟ್‌ನ ಮೈನ್‌ಹೆಡ್ ದಾರಿಯಲ್ಲಿ ನಾನು ಕ್ಯಾಮೆರಾ ಹಿಡಿದು ನಿಂತ ಶನಿವಾರಗಳಿಗೆ ಲೆಕ್ಕವೇ ಇಲ್ಲ. ಹಾಗಾಗಿ ಒಂದೊಂದು ಚಿತ್ರವನ್ನೂ ದೊಡ್ಡದು ಮಾಡಿ ನೋಡಿದೆ.

ಎಲ್ಲವೂ ಉಗಿ ಎಂಜಿನ್‌ಗಳೇ. ಒಂದೂ ಡೀಸೆಲ್ ಇಲ್ಲ. ಇಲ್ಲ ಅಂದರೆ ಪೂರ್ತಿ ಇಲ್ಲ ಅಂತಲ್ಲ, ಒಂದು ಚಿತ್ರದ ಎಡ ಅಂಚಿನಲ್ಲಿ ಪಕ್ಕದ ಹಳಿಯ ಮೇಲೆ ಹಳದಿ ಮೂತಿಯ ಒಂದು ಡೀಸೆಲ್ ಎಂಜಿನ್ ಅರ್ಧ ಕಾಣುತ್ತಿತ್ತು. ಉಳಿದರ್ಧವನ್ನು ಕತ್ತರಿಸಿದ್ದರು. ಆ ಅರ್ಧ ಮೂತಿಯನ್ನು ನೋಡಿ ಮನಸ್ಸಿಗೆ ಬೇಜಾರಾಯಿತು. ಅದಕ್ಕೇ ಈ ಪತ್ರ.

ನಾನು ಉಗಿ ಎಂಜಿನ್ ವಿರೋಧಿ ಅಲ್ಲ. ಚಳಿಗಾಲದ ಬೆಳಗ್ಗೆ ಬಿಳಿ ಉಗಿ ಮುದ್ದೆಮುದ್ದೆಯಾಗಿ ಮೇಲೇರುವುದನ್ನು ನೋಡಿದರೆ ನನಗೂ ಮೈ ಜುಂ ಅನ್ನುತ್ತದೆ. ಆದರೆ ಈ ಹಳಿಗಳ ಪಕ್ಕ ನಿಂತು ನಾನು ಮತ್ತೆ ಮತ್ತೆ ನೋಡಿದ ಒಂದು ದೃಶ್ಯವಿದೆ. ಹತ್ತಿಪ್ಪತ್ತು ಜನ ಬೇಲಿಯ ಉದ್ದಕ್ಕೂ ಕ್ಯಾಮೆರಾ ಇಟ್ಟುಕೊಂಡು ಕಾಯುತ್ತಿರುತ್ತಾರೆ. ಉಗಿ ಎಂಜಿನ್ ಬರುತ್ತದೆ, ಟಕಟಕ ಅಂತ ನೂರಾರು ಚಿತ್ರ ತೆಗೆಯುತ್ತಾರೆ. ಮುಂದಿನ ಗಾಡಿಗೆ ಡೀಸೆಲ್ ಹಾಕಿದ್ದಾರೆ ಎಂದು ಗೊತ್ತಾದ ಕೂಡಲೇ ಮುಕ್ಕಾಲು ಜನ ಸ್ಟ್ಯಾಂಡ್ ಮಡಚಿ, ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಾರೆ. ಉಳಿದವರು ಕ್ಯಾಮೆರಾ ಕೆಳಗಿಳಿಸಿ ಸುಮ್ನೆ ನೋಡುತ್ತಾರೆ. ಅರವತ್ತು ವರ್ಷ ಹಳೆಯ ಎಂಜಿನ್ ಒಂದು ಅವರ ಮುಂದೆ ಹಾದುಹೋಗುತ್ತದೆ, ಯಾರೂ ಅದರ ಚಿತ್ರ ತೆಗೆಯುವುದಿಲ್ಲ.

ಈ ದಾರಿಯ ಕಥೆ ಸ್ವಲ್ಪ ಹೇಳುತ್ತೇನೆ, ಆಗ ನನ್ನ ಸಂಕಟ ನಿಮಗೆ ಅರ್ಥವಾಗುತ್ತದೆ. ಟಾಂಟನ್ ಕಡೆಯಿಂದ ವಾಚೆಟ್ ಬಂದರಿನವರೆಗೆ ರೈಲು ಬಂದದ್ದು 1862ರಲ್ಲಿ. ಅಲ್ಲಿಂದ ಮೈನ್‌ಹೆಡ್‌ಗೆ ಮುಟ್ಟಿದ್ದು 1874ರಲ್ಲಿ. ಬ್ರಿಟಿಷ್ ರೈಲು ಎಂಬ ಸರ್ಕಾರಿ ಸಂಸ್ಥೆ 1971ರ ಜನವರಿಯಲ್ಲಿ ಇದನ್ನು ಮುಚ್ಚಿಬಿಟ್ಟಿತು. 1976ರಲ್ಲಿ ಮೈನ್‌ಹೆಡ್‌ನಿಂದ ಬ್ಲೂ ಆಂಕರ್‌ವರೆಗೆ ಹೆರಿಟೇಜ್ ದಾರಿಯಾಗಿ ಮತ್ತೆ ಗಾಡಿ ಓಡಿತು, 1979ರ ಹೊತ್ತಿಗೆ ಬಿಷಪ್ಸ್ ಲಿಡಿಯರ್ಡ್‌ವರೆಗೂ ಬಂತು. ಈಗ ಸುಮಾರು 32 ಕಿಲೋಮೀಟರ್, ಗಂಟೆಗೆ 40 ಕಿಲೋಮೀಟರ್ ವೇಗದ ಮಿತಿ, ಹೆಚ್ಚಿನ ಕೆಲಸ ಸ್ವಯಂಸೇವಕರದ್ದು. ನಿಮ್ಮ ಪುರವಣಿಯಲ್ಲಿ ಇದೆಲ್ಲ ಬಂದಿತ್ತು, ಸರಿಯಾಗಿಯೇ ಬಂದಿತ್ತು. ಬಾರದೇ ಹೋದದ್ದು ಏನೆಂದರೆ, 1966ರ ನಂತರ, ದಾರಿ ಮುಚ್ಚುವವರೆಗೂ, ಈ ಭಾಗದಲ್ಲಿ ಉಗಿ ಎಂಜಿನ್ ಇರಲೇ ಇಲ್ಲ. ದಾರಿ ಮುಚ್ಚುವ ಮುಂಚಿನ ಕೊನೆಯ ವರ್ಷಗಳಲ್ಲಿ ಬೇಸಿಗೆ ರಜೆಗೆ ಮಕ್ಕಳನ್ನು ಕಟ್ಟಿಕೊಂಡು ಸಮುದ್ರ ನೋಡಲು ಬಂದವರೆಲ್ಲ ಬಂದದ್ದು ಡೀಸೆಲ್ ಗಾಡಿಯಲ್ಲಿ. ಆ ನೆನಪು ಇರುವವರು ಇವತ್ತೂ ಆ ಪ್ಲಾಟ್‌ಫಾರಂ ಮೇಲೆ ಓಡಾಡುತ್ತಿದ್ದಾರೆ. ಅವರ ಬಾಲ್ಯದ ಗಾಡಿ ಹಳತಲ್ಲವಾ?

ಎರಡು ಎಂಜಿನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಈ ದಾರಿಯಲ್ಲಿ ಎಲ್ಲರೂ ಮುಗಿಬಿದ್ದು ತೆಗೆಯುವ ಉಗಿ ಎಂಜಿನ್‌ಗಳಲ್ಲಿ ‘ಓಡ್ನಿ ಮ್ಯಾನರ್’ ಒಂದು, ಸಂಖ್ಯೆ 7828. ಕಟ್ಟಿದ್ದು 1950ರಲ್ಲಿ, ಸ್ವಿಂಡನ್ ಕಾರ್ಖಾನೆಯಲ್ಲಿ. ವಿಲಿಟನ್ ನಿಲ್ದಾಣದ ಪಕ್ಕ ಡೀಸೆಲ್ ಉಳಿಸುವ ಗುಂಪಿನವರದ್ದೊಂದು ಶೆಡ್ ಇದೆ. ಆ ಗುಂಪಿನ ಬಳಿ ಇರುವ ‘ವೆಸ್ಟರ್ನ್ ಕ್ಯಾಂಪೇನರ್’ ಎಂಬ ಡೀಸೆಲ್, ಸಂಖ್ಯೆ ಡಿ1010, ಕಟ್ಟಿದ್ದು 1962ರಲ್ಲಿ, ಅದೇ ಸ್ವಿಂಡನ್ ಕಾರ್ಖಾನೆಯಲ್ಲಿ. ನಡುವೆ ಬರೀ 12 ವರ್ಷ. ಬ್ರಿಟಿಷ್ ರೈಲಿನ ಕಟ್ಟಕಡೆಯ ಉಗಿ ಎಂಜಿನ್ ಸ್ವಿಂಡನ್‌ನಿಂದ ಹೊರಬಂದದ್ದು 1960ರ ಮಾರ್ಚ್‌ನಲ್ಲಿ, ಆ ವೆಸ್ಟರ್ನ್ ಮಾದರಿಯ ಮೊದಲ ಡೀಸೆಲ್ ಹೊರಬಂದದ್ದು 1961ರ ಡಿಸೆಂಬರ್‌ನಲ್ಲಿ. ಅಂದರೆ ಉಗಿ ಎಂಜಿನ್‌ಗೆ ತಗಡು ಬಡಿದ ಕೈಗಳೇ ಡೀಸೆಲ್‌ಗೂ ಬಡಿದಿರಬೇಕು. ಒಂದು ‘ಪರಂಪರೆ’, ಇನ್ನೊಂದು ‘ಅಡ್ಡ ಬಂದದ್ದು’ ಎಂದು ನಾವು ಹೇಗೆ ವಿಂಗಡಿಸುತ್ತೇವೆ?

ಇನ್ನು ಅಪರೂಪದ ಮಾತಿಗೆ ಬಂದರೆ ಲೆಕ್ಕ ಉಲ್ಟಾ ಆಗುತ್ತದೆ. ಮ್ಯಾನರ್ ಮಾದರಿಯವು ಕಟ್ಟಿದ್ದು 30, ಉಳಿದದ್ದು 9. ವೆಸ್ಟರ್ನ್ ಕಟ್ಟಿದ್ದು 74, ಉಳಿದದ್ದು 7. ಹೈಮೆಕ್ ಎಂಬ ಇನ್ನೊಂದು ಡೀಸೆಲ್ ಇತ್ತು, ಅದನ್ನು ಕಟ್ಟಿದ್ದು 101, ಉಳಿದದ್ದು ನಾಲ್ಕೇ ನಾಲ್ಕು. ಕಾರಣ ಇಷ್ಟೇ. ಬ್ರಿಟಿಷ್ ರೈಲಿನ ಪಶ್ಚಿಮ ವಲಯದವರು ಜರ್ಮನಿಯ ದಾರಿ ಹಿಡಿದು, ಎಂಜಿನ್‌ನ ಶಕ್ತಿಯನ್ನು ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಮೂಲಕ ಚಕ್ರಕ್ಕೆ ಕೊಡುವ ಹೈಡ್ರಾಲಿಕ್ ಡೀಸೆಲ್ ಕಟ್ಟಿಸಿದರು. ದೇಶದ ಉಳಿದ ಕಡೆಯೆಲ್ಲ ಜನರೇಟರ್ ಮತ್ತು ಮೋಟಾರ್ ಇರುವ ಡೀಸೆಲ್ ಎಲೆಕ್ಟ್ರಿಕ್. ಎಲ್ಲ ಕಡೆ ಒಂದೇ ಥರದ್ದು ಇರಲಿ ಎಂಬ ತೀರ್ಮಾನ ಬಂದ ಮೇಲೆ ಈ ಹೈಡ್ರಾಲಿಕ್‌ಗಳು ಬೇಡವಾದವು. ಹೈಮೆಕ್‌ಗಳು 1975ಕ್ಕೆ ಮುಗಿದವು, ವೆಸ್ಟರ್ನ್‌ಗಳು 1977ರ ಫೆಬ್ರವರಿಗೆ. ಹದಿನೈದು ವರ್ಷ ತುಂಬುವುದರೊಳಗೆ ಗುಜರಿಗೆ ಹೋದವು.

ಆಗ ಫೋಟೋ ತೆಗೆಯುವವರು ಏನು ಮಾಡುತ್ತಿದ್ದರು? 1968ರ ಆಗಸ್ಟ್ 11ರಂದು ಬ್ರಿಟಿಷ್ ರೈಲಿನ ಮುಖ್ಯ ದಾರಿಯಲ್ಲಿ ಕೊನೆಯ ಉಗಿ ಗಾಡಿ ಓಡಿತು. ಅದಾದ ಮೇಲೆ ಎಷ್ಟೋ ಜನ ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿಬಿಟ್ಟರು. ಇನ್ನೇನಿದೆ ತೆಗೆಯೋಕೆ ಅಂತ. ಡೀಸೆಲ್ ದಿನಾ ಓಡುತ್ತಿತ್ತು, ದಿನಾ ಕಾಣುವುದರ ಚಿತ್ರ ಯಾರು ತೆಗೆಯುತ್ತಾರೆ? ಅದೇ ತಪ್ಪನ್ನು ನಾವು ಈಗ ಎರಡನೇ ಸಲ ಮಾಡುತ್ತಿದ್ದೇವೆ ಅನ್ನೋದು ನನ್ನ ದೂರು. ಈ ಸಲ ನೆಪವೂ ಇಲ್ಲ, ಫಿಲ್ಮ್ ರೋಲ್‌ನ ಖರ್ಚೂ ಇಲ್ಲ.

ಈಗ ನಿಮ್ಮ ಓದುಗರಲ್ಲಿ ಕ್ಯಾಮೆರಾ ಹಿಡಿಯುವವರಿಗೆ ಬ್ಲೂ ಆಂಕರ್ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲಿ ಹಳಿ ದಡದ ಪಕ್ಕದಲ್ಲೇ ಹೋಗುತ್ತದೆ. ಸಮುದ್ರ ಇರುವುದು ಉತ್ತರಕ್ಕೆ, ಬ್ರಿಸ್ಟಲ್ ಚಾನೆಲ್. ಆದ್ದರಿಂದ ಹಳಿಯ ದಕ್ಷಿಣಕ್ಕೆ, ಅಂದರೆ ನೆಲದ ಕಡೆ ನಿಂತರೆ ಹೆಚ್ಚುಕಮ್ಮಿ ಇಡೀ ದಿನ ಸೂರ್ಯ ಬೆನ್ನ ಹಿಂದೆ, ಗಾಡಿಯ ಮೈ ಮೇಲೆ ಬೆಳಕು, ಅದರಾಚೆ ಸಮುದ್ರ. ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಎದುರುಗಡೆ, ದಡದ ದಾರಿಯಲ್ಲಿ ನಿಂತರೆ ಹಿಂದೆ ಡನ್‌ಸ್ಟರ್ ಕಡೆಯ ಬೆಟ್ಟಗಳು ಸಿಗುತ್ತವೆ, ಆದರೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಅಲ್ಲಿ ಬೆಳಕು ಸರಿಯಾಗಿ ಬೀಳುವುದು ಜೂನ್, ಜುಲೈನಲ್ಲಿ ಮಾತ್ರ. ಆಗ ಸೂರ್ಯ ಈಶಾನ್ಯದಲ್ಲಿ ಹುಟ್ಟಿ ವಾಯವ್ಯದಲ್ಲಿ ಮುಳುಗುತ್ತಾನಲ್ಲ, ಸಂಜೆಯ ಕೊನೆಯ ಗಾಡಿಗೆ ಸಮುದ್ರದ ಕಡೆಯಿಂದ ಬಂಗಾರದಂಥ ಬೆಳಕು ಬೀಳುತ್ತದೆ. ನಾರ್ಫಕ್‌ನ ಶೆರಿಂಗಮ್ ದಾರಿಯಲ್ಲೂ ಸಮುದ್ರ ಉತ್ತರಕ್ಕೇ ಇದೆ, ಲೆಕ್ಕ ಇದೇ. ಡೆವನ್‌ನ ಪೇನ್ಟನ್ ದಾರಿಯಲ್ಲಿ ಮಾತ್ರ ಸಮುದ್ರ ಪೂರ್ವಕ್ಕೆ, ಅಲ್ಲಿಗೆ ಮಧ್ಯಾಹ್ನದ ಮೇಲೆ ಹೋಗಬೇಕು.

ಬೆಳಕು ಹೀಗೆ, ಗಾಳಿಯದು ಬೇರೆ ಕಥೆ. ಬಿಸಿಲು ಚೆನ್ನಾಗಿರುವ ದಿನ ನೆಲ ಕಾದು, ಹೊತ್ತೇರುತ್ತಿದ್ದಂತೆ ಸಮುದ್ರದಿಂದ ನೆಲದ ಕಡೆಗೆ ಗಾಳಿ ಬೀಸಲು ಶುರುವಾಗುತ್ತದೆ. ನೀವು ನಿಂತಿರುವುದು ನೆಲದ ಕಡೆ. ಅಂದರೆ ಯಾವ ಬದಿಗೆ ಬಿಸಿಲೋ ಅದೇ ಬದಿಗೆ ಹೊಗೆ! ಉಗಿ ಎಂಜಿನ್ ಹತ್ತಿರ ಬರುವ ಹೊತ್ತಿಗೆ ಹೊಗೆ ಬೋಗಿಗಳ ಮೇಲೆ ಕವುಚಿ, ಸಮುದ್ರವೂ ಇಲ್ಲ, ಗಾಡಿಯೂ ಇಲ್ಲ, ಬರೀ ಬೂದು ಬಣ್ಣ. ಎಷ್ಟು ಸಲ ಹೀಗಾಗಿದೆಯೋ. ಇನ್ನೊಂದು ವಿಷಯ, ಡನ್‌ಸ್ಟರ್‌ನಿಂದ ಬ್ಲೂ ಆಂಕರ್‌ವರೆಗಿನ ದಡದ ಹಳಿ ಹೆಚ್ಚುಕಮ್ಮಿ ಸಮತಟ್ಟು. ಎಂಜಿನ್‌ಗೆ ದುಡಿಮೆ ಕಡಿಮೆ, ಉಗಿಯೂ ಕಡಿಮೆ. ಅದರ ಮೇಲೆ ಆಗಸ್ಟ್‌ನ ಬಿಸಿಗೆ ಹೊರಬಂದ ಉಗಿ ಕಣ್ಣಿಗೆ ಬೀಳುವ ಮುಂಚೆಯೇ ಕರಗಿಹೋಗುತ್ತದೆ. ಉಗಿಯ ಆರ್ಭಟ ಬೇಕಾದರೆ ಸಮುದ್ರ ಬಿಟ್ಟು ವಾಶ್‌ಫರ್ಡ್ ಏರಿಗೆ ಹೋಗಬೇಕು. ಅಲ್ಲಿ 65 ಅಡಿಗೆ ಒಂದು ಅಡಿ ಏರು, ಎಂಜಿನ್ ಏದುಸಿರು ಬಿಡುತ್ತಾ ಹತ್ತುವ ಸದ್ದು ಗಾಡಿ ಕಾಣಿಸುವ ಬಹಳ ಮುಂಚೆಯೇ ಕೇಳುತ್ತದೆ. ಕೆಳಗೆ ದಡದಲ್ಲಿ, ನಡು ಬೇಸಿಗೆಯ ಬಿಸಿಲಲ್ಲಿ, ಸಮುದ್ರದ ಪಕ್ಕ ನಿಜವಾಗಿ ಚೆಂದ ಕಾಣುವುದು ಯಾವುದು ಗೊತ್ತಾ? ಡೀಸೆಲ್. ಹೊಗೆ ಕವುಚುವುದಿಲ್ಲ, ಹಸಿರೋ ಕಡುಗೆಂಪೋ ನೀಲಿಯೋ ಇರುವ ಆ ಮೈ ನೀರಿನ ಎದುರಿಗೆ ಎದ್ದು ಕಾಣುತ್ತದೆ.

ಹಿಂದು ಮುಂದಿನ ತಾಪತ್ರಯವೂ ಇಲ್ಲ. ಚಿಕ್ಕ ದಾರಿಗಳಲ್ಲಿ ಗಾಡಿ ಪ್ರತಿ ಸಲ ಎಂಜಿನ್ ತಿರುಗಿಸಿಕೊಂಡು ಓಡುವುದಿಲ್ಲ. ಉಗಿ ಎಂಜಿನ್ ಹೋಗುವಾಗ ಚಿಮಣಿ ಮುಂದಾದರೆ ಬರುವಾಗ ಟೆಂಡರ್, ಅಂದರೆ ಕಲ್ಲಿದ್ದಲು ತುಂಬಿದ ಹಿಂದಿನ ಬಂಡಿ, ಮುಂದಾಗುತ್ತದೆ. ಅರ್ಧ ದಿನದ ಚಿತ್ರಗಳು ಹಿಮ್ಮುಖದವು. ವೆಸ್ಟರ್ನ್‌ಗೆ, ಹೈಮೆಕ್‌ಗೆ ಎರಡೂ ತುದಿಯಲ್ಲಿ ಮುಖ.

ಡೀಸೆಲ್ ಚಿತ್ರ ಸುಲಭ ಅಂತ ನಾನು ಹೇಳುತ್ತಿಲ್ಲ, ನಿಜ ಹೇಳಬೇಕೆಂದರೆ ಅದೇ ಕಷ್ಟ. ಉಗಿ ಎಂಜಿನ್‌ನಲ್ಲಿ ಲೆಕ್ಕಾಚಾರ ಬೆಳಕಿನದ್ದು. ಮೈ ಕಪ್ಪು, ಉಗಿ ಬಿಳಿ. ಕಪ್ಪಿಗೆ ಹೊಂದಿಸಿದರೆ ಬಿಳಿ ಸುಟ್ಟುಹೋಗುತ್ತದೆ, ಬಿಳಿಗೆ ಹೊಂದಿಸಿದರೆ ಚಕ್ರಗಳೆಲ್ಲ ಕತ್ತಲು. ಸೂರ್ಯ ಕೆಳಗಿದ್ದಾಗ ಚಕ್ರದವರೆಗೆ ಬೆಳಕು ಬೀಳುತ್ತದೆ, ಚಕ್ರಗಳನ್ನು ಜೋಡಿಸುವ ರಾಡ್ ಕೆಳಗೆ ಬಂದ ಕ್ಷಣಕ್ಕೆ ಒತ್ತಿದರೆ ಚಿತ್ರ ಅರ್ಧ ಗೆದ್ದ ಹಾಗೆ. ಉಳಿದದ್ದನ್ನು ಉಗಿಯೇ ಮಾಡಿಕೊಡುತ್ತದೆ. ಓಡುತ್ತಿದೆ ಅಂತ ನೋಡುವವರಿಗೆ ಹೇಳುವುದೇ ಆ ಹೊಗೆ, ಅಲ್ವಾ? ಡೀಸೆಲ್‌ಗೆ ಆ ಸಹಾಯವಿಲ್ಲ. ವೇಗದ ಶಟರ್‌ನಲ್ಲಿ ತೆಗೆದರೆ ನಿಂತ ಗಾಡಿಯ ಹಾಗೇ ಕಾಣುತ್ತದೆ. ಅದಕ್ಕೆ ನಾನು ಶಟರ್ ಅನ್ನು ಸೆಕೆಂಡಿನ 30ನೇ ಒಂದು ಭಾಗಕ್ಕೆ ಇಳಿಸಿ, ಎಂಜಿನ್ ಜೊತೆ ಕ್ಯಾಮೆರಾ ತಿರುಗಿಸುತ್ತಾ ತೆಗೆಯುತ್ತೇನೆ. ಹತ್ತರಲ್ಲಿ ಒಂಬತ್ತು ಕೆಡುತ್ತವೆ. ಹತ್ತನೆಯದರಲ್ಲಿ ಎಂಜಿನ್‌ನ ಹೆಸರು ಓದುವಷ್ಟು ಚೊಕ್ಕ, ಹಿಂದಿನ ಸಮುದ್ರ ಮಾತ್ರ ನೀಲಿ ಗೆರೆ ಎಳೆದ ಹಾಗೆ. ಉದ್ದದ ಲೆನ್ಸ್ ಹಾಕಿ ಎದುರಿನಿಂದ ತೆಗೆಯುವುದಾದರೆ ಎಂಜಿನ್ ಮೇಲಿಂದ ಏಳುವ ಬಿಸಿಗೆ ಹಿಂದಿನ ಬೋಗಿಗಳು ನೀರಲ್ಲಿ ಅಲುಗಿದ ಹಾಗೆ ಕಾಣುತ್ತವೆ. ಮೊದಮೊದಲು ಅದನ್ನು ದೋಷ ಅಂದುಕೊಂಡಿದ್ದೆ. ಈಗ ಬೇಕೆಂದೇ ಹುಡುಕುತ್ತೇನೆ, ಅದೇ ಡೀಸೆಲ್‌ನ ಉಸಿರು.

ಮಳೆ ಬಂದರೆ ಎಲ್ಲರೂ ಮನೆಗೆ ಹೋಗುತ್ತಾರೆ. ಡೀಸೆಲ್ ತೆಗೆಯಲು ಅದೇ ಹೊತ್ತು. ಒದ್ದೆಯಾದ ತಗಡು ಕನ್ನಡಿಯ ಹಾಗೆ ಹೊಳೆಯುತ್ತದೆ, ಮೂತಿಯ ಹಳದಿ ಆ ಮಂಕು ಬೆಳಕಲ್ಲಿ ದೀಪ ಹಚ್ಚಿದ ಹಾಗಿರುತ್ತದೆ. ಬೆಳಗ್ಗೆ ತಣ್ಣಗಿರುವ ಎಂಜಿನ್ ಶುರು ಮಾಡುವುದನ್ನೂ ತಪ್ಪಿಸಿಕೊಳ್ಳಬೇಡಿ. ಒಂದು ಕ್ಷಣ ಕೆಮ್ಮಿ, ದಟ್ಟ ಹೊಗೆ ಉಗುಳಿ, ಆಮೇಲೆ ನಿಧಾನಕ್ಕೆ ಒಂದು ಲಯಕ್ಕೆ ಬರುತ್ತದೆ. ವೆಸ್ಟರ್ನ್‌ನ ಹೊಟ್ಟೆಯಲ್ಲಿ ಎರಡು ಮೇಬ್ಯಾಕ್ ಎಂಜಿನ್‌ಗಳು, ಒಂದೊಂದು 1,350 ಅಶ್ವಶಕ್ತಿ. ಒಂದರ ಹಿಂದೆ ಒಂದು ಏಳುವಾಗ ಪ್ಲಾಟ್‌ಫಾರಂನ ಕಲ್ಲು ಕಾಲಿನ ಕೆಳಗೆ ನಡುಗುತ್ತದೆ. ಅದರ ರೂಪಕ್ಕೆ ಮಿಶಾ ಬ್ಲ್ಯಾಕ್ ಎಂಬ ಹೆಸರಾಂತ ವಿನ್ಯಾಸಕಾರರ ಕೈ ತಗಲಿದೆ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಬೀದಿಗಳ ಹೆಸರಿನ ಫಲಕ ಮಾಡಿದವರೂ ಅವರೇ. ಆ ಮುಂಭಾಗದ ಇಳಿಜಾರು, ಕಿಟಕಿಯ ಮೇಲಿನ ಹುಬ್ಬಿನಂಥ ಅಂಚು ಸುಮ್ನೆ ಬಂದದ್ದಲ್ಲ.

ಒಂದು ಸಂಜೆ ಬ್ಲೂ ಆಂಕರ್‌ನ ಗೇಟಿನ ಹತ್ತಿರ ವಯಸ್ಸಾದವರೊಬ್ಬರು ಪಕ್ಕ ಬಂದು ನಿಂತರು. ಉಗಿ ಗಾಡಿ ಹೋಗಿಯಾಗಿತ್ತು, ಜನ ಚದುರಿದ್ದರು, ನಾನೊಬ್ಬನೇ ಕಾಯುತ್ತಿದ್ದೆ. ಡೀಸೆಲ್‌ಗಾ ಅಂತ ಕೇಳಿದರು. ಹೌದು ಅಂದೆ. ಹೈಮೆಕ್ ಬಂತು, ಹೋಯಿತು. ಅವರು ಚಿತ್ರ ತೆಗೆಯಲಿಲ್ಲ, ಕಣ್ಣುಮುಚ್ಚಿ ಸದ್ದು ಕೇಳಿಸಿಕೊಂಡರು. ಎಂಟು ವರ್ಷದವರಿದ್ದಾಗ ಅಪ್ಪನ ಕೈ ಹಿಡಿದು ಇದೇ ಸದ್ದಿನ ಹಿಂದೆ ಕೂತು ಮೈನ್‌ಹೆಡ್‌ಗೆ ಬಂದಿದ್ದರಂತೆ. ಮನೆಯಲ್ಲಿ ಆ ಪ್ರಯಾಣದ ಒಂದೂ ಚಿತ್ರವಿಲ್ಲ ಎಂದರು. ಅಪ್ಪನ ಹತ್ತಿರ ಕ್ಯಾಮೆರಾ ಇತ್ತು, ಆದರೆ ಅವರು ಉಗಿ ಎಂಜಿನ್ ಮಾತ್ರ ತೆಗೆಯುತ್ತಿದ್ದರು. ನಾನು ತೆಗೆದದ್ದನ್ನು ಕ್ಯಾಮೆರಾ ಹಿಂದಿನ ಪರದೆಯಲ್ಲೇ ತೋರಿಸಿದೆ, ಬಹಳ ಹೊತ್ತು ನೋಡಿದರು. ಆಮೇಲೆ ಕಳಿಸಿಕೊಟ್ಟೆ.

ಇನ್ನೊಂದು ಮಾತು. ಈ ದಾರಿಗಳು ಬದುಕಿರುವುದರಲ್ಲಿ ಡೀಸೆಲ್‌ನ ಪಾಲು ದೊಡ್ಡದು, ಅದನ್ನು ಯಾರೂ ಬರೆಯುವುದಿಲ್ಲ. 2022ರ ಬೇಸಿಗೆಯಲ್ಲಿ ಇಂಗ್ಲೆಂಡ್ ಒಣಗಿ ಹುಲ್ಲೆಲ್ಲ ಕಂದಾಗಿದ್ದಾಗ ಒಂದು ಕಿಡಿ ಬಿದ್ದರೆ ಹೊಲ ಹೊತ್ತಿಕೊಳ್ಳುವ ಭಯವಿತ್ತು. ಎಷ್ಟೋ ಹೆರಿಟೇಜ್ ದಾರಿಗಳು ಉಗಿ ಎಂಜಿನ್ ನಿಲ್ಲಿಸಿ ಡೀಸೆಲ್ ಹಾಕಿ ಗಾಡಿ ಓಡಿಸಿದವು. ಉಗಿ ಎಂಜಿನ್‌ನ ಬಾಯ್ಲರ್ ಅನ್ನು ಸುಮಾರು ಹತ್ತು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ರಿಪೇರಿ ಮಾಡಲೇಬೇಕು, ಅದು ವರ್ಷಗಟ್ಟಲೆ ನಡೆಯುವ, ಜಾಸ್ತಿ ದುಡ್ಡು ಬೇಡುವ ಕೆಲಸ. ವೇಲ್ಸ್‌ನಲ್ಲಿ ಈ ರೈಲುಗಳಿಗೆ ಕಲ್ಲಿದ್ದಲು ಕೊಡುತ್ತಿದ್ದ ಫೋಸ್ ಇ ವ್ರಾನ್ ಗಣಿ 2023ರಲ್ಲಿ ನಿಂತಿತು, ಈಗ ಕಲ್ಲಿದ್ದಲು ಹೊರದೇಶದಿಂದ ಬರಬೇಕು. ಬೆಳಗಿನ ಜಾವ ಎದ್ದು ಗಂಟೆಗಟ್ಟಲೆ ಬೆಂಕಿ ಹಾಕಿದ ಎಂಜಿನ್ ಕೈಕೊಟ್ಟ ದಿನ ಗಾಡಿ ಎಳೆಯಲು ಬರುವುದೂ ಡೀಸೆಲ್‌ನ ತಂಡವೇ. ವಿಲಿಟನ್‌ನ ಆ ಶೆಡ್‌ನಲ್ಲಿ ಕೈಯೆಲ್ಲ ಗ್ರೀಸ್ ಮಾಡಿಕೊಂಡು ಬಿಡಿಭಾಗವನ್ನು ತಾವೇ ತಯಾರಿಸುವವರು ಇದ್ದಾರೆ. ಆ ಮೇಬ್ಯಾಕ್‌ಗೆ ಬಿಡಿಭಾಗ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅವರ ಕೆಲಸದ ಚಿತ್ರ ಪತ್ರಿಕೆಯಲ್ಲಿ ಬಂದರೆ ಅವರಿಗೆ ಎಷ್ಟು ಸಂತೋಷವಾಗಬಹುದು ಹೇಳಿ.

ಇಲ್ಲಿಗೆ ಬಂದು ಚಿತ್ರ ತೆಗೆಯುವ ಓದುಗರಿದ್ದರೆ ದಯವಿಟ್ಟು ಬೇಲಿ ದಾಟಬೇಡಿ. ಹಳಿಯ ಮೇಲೆ ಇಳಿಯುವುದು ಇಲ್ಲಿ ಅಪರಾಧ, ಹೆರಿಟೇಜ್ ದಾರಿಯಾದರೂ ಅಷ್ಟೇ. 2016ರ ಫೆಬ್ರವರಿಯಲ್ಲಿ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಬ ಹೆಸರಾಂತ ಉಗಿ ಎಂಜಿನ್ ರಿಪೇರಿಯಾಗಿ ಲಂಡನ್‌ನಿಂದ ಯಾರ್ಕ್‌ಗೆ ಹೊರಟಾಗ ಜನ ಹಳಿಗೆ ಇಳಿದು, ಗಾಡಿಯನ್ನೇ ನಿಲ್ಲಿಸಬೇಕಾಯಿತು. ಹಲವು ದಾರಿಗಳಲ್ಲಿ ತರಬೇತಿ ಕೊಟ್ಟು, ಎದ್ದು ಕಾಣುವ ಜಾಕೆಟ್ ಹಾಕಿಸಿ ಒಳಗೆ ಬಿಡುವ ಪಾಸ್ ಇದೆ, ಬೇಕಾದವರು ಅದನ್ನು ಕೇಳಬೇಕು. ಡೀಸೆಲ್ ಇಳಿಜಾರಿನಲ್ಲಿ ಎಂಜಿನ್ ಸದ್ದು ತಗ್ಗಿಸಿ ಬರುತ್ತದೆ, ಸಮುದ್ರದ ಗಾಳಿಯಲ್ಲಿ ಅದು ಕೇಳಿಸುವುದೇ ಇಲ್ಲ. ಲೆನ್ಸ್ ಬಗ್ಗೆಯೂ ಹೇಳುತ್ತೇನೆ, ದಡದ ಗಾಳಿಯಲ್ಲಿ ಉಪ್ಪಿರುತ್ತದೆ, ಸಂಜೆ ಮನೆಗೆ ಹೋದ ಕೂಡಲೇ ಒರೆಸಿ. ಒಣಗಿದ ಮೇಲೆ ಉಜ್ಜಿದರೆ ಗೀರು ಬೀಳುತ್ತದೆ.

ನಿಮ್ಮಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಮುಂದಿನ ಸಲ ಇಂಥ ಪುಟ ಮಾಡುವಾಗ ಒಂದಾದರೂ ಡೀಸೆಲ್ ಚಿತ್ರ ಹಾಕಿ. ಉಗಿಯದಾಗಲಿ ಡೀಸೆಲ್‌ದಾಗಲಿ, ಕೆಳಗೆ ಎಂಜಿನ್‌ನ ಸಂಖ್ಯೆ, ಜಾಗ, ತೆಗೆದ ದಿನ ಹಾಕಿ. ‘ಕಡಲ ತೀರದಲ್ಲಿ ಒಂದು ಹಳೆಯ ರೈಲು’ ಎಂದು ಹಾಕಿದರೆ ಅದು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಸಂಖ್ಯೆ ಮತ್ತು ದಿನ ಇದ್ದರೆ ನಾಳೆ ಯಾರೋ ಆ ಎಂಜಿನ್ ಬಿಚ್ಚಿ ಜೋಡಿಸುವಾಗ, ಹಳದಿ ಎಲ್ಲಿಯವರೆಗಿತ್ತು, ಆ ಪೈಪ್ ಯಾವ ಬದಿಗಿತ್ತು ಎಂದು ನೋಡಲು ನಿಮ್ಮ ಪುಟವನ್ನೇ ತೆರೆಯಬಹುದು.

ಈ ಪತ್ರದ ಜೊತೆ ಒಂದು ಚಿತ್ರ ಕಳಿಸಿದ್ದೇನೆ. ಹೈಮೆಕ್ ಡಿ7017, ಬ್ಲೂ ಆಂಕರ್ ಹತ್ತಿರ, ಕೆಲವು ವರ್ಷಗಳ ಹಿಂದೆ ಸಂಜೆ ತೆಗೆದದ್ದು. ಕಡುಹಸಿರು ಮೈ, ಕೆಳಗೆ ತಿಳಿಹಸಿರಿನ ಪಟ್ಟಿ, ಹಿಂದೆ ಇಳಿತದ ಸಮುದ್ರ. ನಿಮಗೆ ಬೇಕಾದರೆ ಬಳಸಿಕೊಳ್ಳಿ, ಹಣ ಬೇಡ, ನನ್ನ ಹೆಸರೂ ಹಾಕಬೇಕಿಲ್ಲ. ಪುಟದಲ್ಲಿ ಜಾಗ ಸಾಲದೆ ಕತ್ತರಿಸಬೇಕಾಗಿ ಬಂದರೆ ಆಕಾಶದ ಕಡೆಯಿಂದ ಕತ್ತರಿಸಿ. ಎಂಜಿನ್ ಪೂರ್ತಿ ಇರಲಿ.

ಇಂತಿ,
ನಿಮ್ಮ ಓದುಗ